ಮನೆಯಿಂದ ತರಬೇಕಾದ ಸಪ್ಪಳ

ಹೊಳೆವ್ವ ಬಾರೆಗಿಡದ ಕೊಂಬೆಯನ್ನು ಕಾಲಡಿ ಒತ್ತಿ ಹಿಡಿದು, ಮುಳ್ಳು ತಪ್ಪಿಸಿ ಎಲೆ ಹಿರಿದು ಆಡಿನ ಮುಂದೆ ಒಗೆಯುತ್ತಿದ್ದಳು. ಅರ್ಧ ಕೊಂಬೆ ಬೋಳಾಗಿತ್ತು. ಆಡು ಮೇಯುವುದನ್ನು ಬಿಟ್ಟು ಬೇಲಿಯ ಕಡೆ ಕಿವಿ ನಿಮಿರಿಸಿತು. ಬೇಲಿಯಾಚೆ ಜುಲೇಖಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಅಕ್ಕಾ, ಆ ಎಲಿ ಆಡಿಗೆ ಹಾಕಬ್ಯಾಡ್ರಿ,” ಅಂದಳು. “ಫುಪ್ಪಿ ಮೈ ತೊಳಿಯೂ ನೀರಿಗೆ ಬೇಕು.”

ಹೊಳೆವ್ವನ ಹೆಬ್ಬೆರಳಿಗೆ ಮುಳ್ಳು ನೆಟ್ಟಿತು. “ಯಾವಾಗ ಹೋದ್ಲು ಬೇ?”

“ಬೆಳಕ ಹರಿಯೂ ಮುಂದ. ಆಜಾನ ಆಗಿತ್ತು.”

ಫುಪ್ಪಿಯೆಂದರೆ ಮಾಶಾಬಿ, ಜುಲೇಖಾಳ ಅಪ್ಪನ ಅಕ್ಕ. ತಿಕೋಟಾದ ಹೊರಗೆ, ದ್ರಾಕ್ಷಿ ತೋಟಗಳು ಮುಗಿಯುವಲ್ಲಿ, ಯಾವ ಸರದಾರನದೋ ಹೆಸರು ಅಳಿಸಿಹೋದ ಒಂದು ಹಳೆಯ ಗುಮ್ಮಟವಿತ್ತು. ಅದಕ್ಕೆ ಬೆನ್ನು ಕೊಟ್ಟು ನಿಂತದ್ದು ಮಾಶಾಬಿಯ ಮನೆ. ಇನ್ನು ನಮ್ಮ ಕೈಯಲ್ಲಿ ಏನಿಲ್ಲ ಎಂದು ಡಾಕ್ಟರರು ತಿರುಗಿ ಕಳಿಸಿದವರನ್ನು, ಹಗಲೆಲ್ಲ ಹೊಲಕ್ಕೆ ಹೋಗುವ ಮನೆಯವರು ಅಲ್ಲಿಗೆ ತಂದು ಮಲಗಿಸುತ್ತಿದ್ದರು. ಬಿಜ್ಜರಗಿಯ ಕುರಿಗಾರರು ಬಂದಿದ್ದರು, ಕಳ್ಳಕವಟಗಿಯ ರೈತರು ಬಂದಿದ್ದರು, ಪೇಟೆಯ ಸಾಬರೂ ಬಂದಿದ್ದರು. ಅಲ್ಲಿಂದ ಎದ್ದು ನಡೆದು ಮನೆಗೆ ಹೋದವರಿಲ್ಲ. ಹಾಗೆ ಹೋಗಬೇಕೆಂದು ಅಲ್ಲಿಗೆ ಯಾರೂ ಬರುತ್ತಲೂ ಇರಲಿಲ್ಲ.

ಹೊಳೆವ್ವನ ತಾಯಿ ಬೋರವ್ವ ಹೋದ ಸುಗ್ಗಿಯಲ್ಲಿ ಅಲ್ಲೇ ತೀರಿಕೊಂಡಿದ್ದಳು. ಅಂದಿನಿಂದ ಹೊಳೆವ್ವ ಆ ಹೊಸ್ತಿಲು ತುಳಿದಿರಲಿಲ್ಲ. ಮಾಶಾಬಿ ದಾರಿಯಲ್ಲಿ ಎದುರಾದರೆ ಸೆರಗು ಮುಖಕ್ಕೆಳೆದು ಬೇರೆ ಕಡೆ ನೋಡುತ್ತಿದ್ದಳು.

ಹೊಳೆವ್ವನ ಎಲೆಅಡಿಕೆಯ ಸಂಚಿಯಲ್ಲಿ ಒಂದು ಪೋಸ್ಟ್ ಕಾರ್ಡಿತ್ತು. ಬಬಲೇಶ್ವರದಿಂದ ಅಕ್ಕ ಲಕ್ಕವ್ವ ಬರೆಸಿ ಕಳಿಸಿದ್ದ ಕಾಗದಕ್ಕೆ ಉತ್ತರವಾಗಿ ಕೊಂಡದ್ದು. ಲಕ್ಕವ್ವನ ಗಂಡ ಶಾಂತಪ್ಪ ವಿಜಾಪುರದ ಟೇಶನ್ನಿನ ಮುಂದೆ ಟಾಂಗಾ ಹೊಡೆದೇ ಮುದುಕನಾದವನು. ಈಗ ಹೊಟ್ಟೆಯೊಳಗೆ ಗಡ್ಡೆ ಬೆಳೆದು ಹಾಸಿಗೆ ಹಿಡಿದಿದ್ದ. ‘ಅವ್ವನ್ನ ಆ ಮನಿಯಾಗ ಹೆಂಗ ನೋಡಿಕೊಂಡ್ರು, ಖರೇ ಬರಿ. ಚೊಲೋ ಇದ್ದರ ಇವರನ್ನ ಅಲ್ಲಿಗೆ ತರತೀನಿ. ಇಲ್ಲಂದ್ರ ವಿಜಾಪುರದ ದವಾಖಾನಿ ಪಡಸಾಲಿನ ಗತಿ. ನಿನ್ನ ಮಾತಿನ ಮ್ಯಾಲೆ ಕುಂತೀನಿ.’

ರಾತ್ರಿ ಸಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ಹೊಳೆವ್ವ ಆ ಕಾರ್ಡಿನ ಮೇಲೆ ‘ಅಕ್ಕಾ’ ಎಂದು ಬರೆದಿದ್ದಳು. ಆಮೇಲೆ ಪೆನ್ಸಿಲ್ ಮುಂದೆ ಹೋಗಿರಲಿಲ್ಲ. ಮಳೆಗಾಲ ಕಳೆದು ಚಳಿ ಬಿದ್ದಿತ್ತು. ಕಾರ್ಡು ಸಂಚಿಯಲ್ಲಿ ಸುಣ್ಣದ ಕಲೆ ಹತ್ತಿಸಿಕೊಂಡು ಹಾಗೇ ಇತ್ತು.

ಈಗ ಅವಳು ಎಲೆಯನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಜುಲೇಖಾಳ ಹಿಂದೆ ನಡೆದಳು. ಆಡು ಕೂಗಲಿಲ್ಲ. ಇವರು ಹೋಗುವ ದಿಕ್ಕನ್ನೇ ನೋಡುತ್ತ ನಿಂತಿತು.

*

ಅಂಗಳದಲ್ಲಿ ಜನ ಕೂಡಿದ್ದರು. ದರ್ಜಿ ಹುಸೇನಸಾಬ ಬೇವಿನ ಗಿಡದ ಕೆಳಗೆ ಕೂತು ಕಫನಿನ ಬಿಳಿ ಬಟ್ಟೆ ಅಳೆದು ಹರಿಯುತ್ತಿದ್ದ. ಪರ್ ಎಂದು ಒಂದು ಸಲ ಹರಿದರೆ ಗುಮ್ಮಟದೊಳಗಿನಿಂದ ಇನ್ನೊಂದು ಸಲ ಪರ್ ಎನ್ನುತ್ತಿತ್ತು. ಪ್ರತಿ ಸಲ ಅವನ ಕೈ ಒಂದು ಗಳಿಗೆ ತಡೆಯುತ್ತಿತ್ತು.

ಹೊಳೆವ್ವ ಒಲೆಯ ಮುಂದೆ ಕೂತು ಹಂಡೆಗೆ ಎಲೆ ಹಾಕಿದಳು.

“ನಮ್ಮಪ್ಪಗ ಆಕಿ ಅಂಬಲಿ ಒಟ್ಟ ಸೇರ್ತಿದ್ದಿಲ್ಲ,” ಬಿಜ್ಜರಗಿಯ ಕುರಿಗಾರ ಗೊಲ್ಲಾಳಪ್ಪ ಅಂದ. ಅವನ ತಂದೆಯೂ ಇದೇ ಮನೆಯಲ್ಲಿ ತೀರಿಕೊಂಡವನು. “ಉಪ್ಪ ಕಡಿಮಿ, ಉಪ್ಪ ಕಡಿಮಿ ಅಂತ ಆಕಿನ್ನ ಬೈದ ಬೈದ, ಡಾಕ್ಟರ ಹೇಳಿದ್ದಕ್ಕಿಂತ ಒಂದ ಹಂಗಾಮ ಜಾಸ್ತಿ ಬದುಕಿದ ನೋಡ್ರಿ.”

“ಬೇಕಂತನ ಕಡಿಮಿ ಹಾಕ್ತಿದ್ಲ ಲೇ,” ಹುಸೇನಸಾಬ ತಲೆಯೆತ್ತದೆ ಅಂದ. “ಬೈಯಾಕ ಏನರ ಒಂದು ಇರಬೇಕು, ಅಂದ್ರ ಮನಷ್ಯಾ ಲಗೂ ಹೋಗಂಗಿಲ್ಲ ಅಂತಿದ್ಲು.”

“ಹಂಗಿದ್ರ ನನ್ನ ಹೇಂತಿ ಅಡಿಗಿ ನನ್ನನ್ನ ಸಾಯಾಕ ಬಿಡಂಗಿಲ್ಲ ಬಿಡ್ರಿ,” ಗೊಲ್ಲಾಳಪ್ಪ ಅಂದ.

ನಾಲ್ಕು ಮಂದಿ ನಕ್ಕರು. ಹುಸೇನಸಾಬನಿಗೆ ಹುರುಪು ಬಂತು. “ವಿಜಾಪುರದಿಂದ ಜೀಪಿನ್ಯಾಗ ಒಬ್ಬ ಸಾಹೇಬ ಬಂದಿದ್ನಲ್ಲ, ಇಲ್ಲಿ ಸರಿ ನೋಡಿಕೊಳ್ತಾರೋ ಇಲ್ಲೋ ತಪಾಸ ಮಾಡಾಕ? ಔಷಧ ಏನ ಕೊಡ್ತಿ ಅಂತ ಕೇಳಿದ. ಇಕಿ, ‘ಮೊದಲ ಹೊರಸಿನ ಮ್ಯಾಲೆ ಕುಂದರ ಯಪ್ಪಾ’ ಅಂದ್ಲು. ಕುಂತಾಂವ ಅಡ್ಡಾದ. ಅಡ್ಡಾದಾಂವ ಹೊತ್ತ ಮುಳುಗೂತನಕ ಏಳಲಿಲ್ಲ. ಎದ್ದ ಮ್ಯಾಲೆ ಏನಂದ, ಗೊತ್ತೇನು?”

“ಏನಂದ?”

“‘ಇದು ಯಾರ ಮನಿ?’ ಅಂದ. ಮತ್ತೇನೂ ಕೇಳಲಿಲ್ಲ. ಜೀಪ ಹತ್ತಿ ಹೋದಾಂವ ತಿರುಗಿ ಬರಲಿಲ್ಲ.”

ಈ ಸಲ ಯಾರೂ ನಗಲಿಲ್ಲ. ಆ ಮಾತು ಯಾರದು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮಾಶಾಬಿಯ ಗಂಡ ಮಲಂಗಸಾಬ ಹೆಗಲ ಮೇಲೆ ತಿದಿ ಹೊತ್ತು ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ವಿಜಾಪುರದ ಯಾವುದೋ ದವಾಖಾನೆಯ ಪಡಸಾಲೆಯಲ್ಲಿ ಸತ್ತ. ತಳ್ಳುಗಾಡಿಯ ಗಾಲಿ ಕಿರುಗುಟ್ಟಿದಾಗಲೆಲ್ಲ ಅವನು ಬೆಚ್ಚಿ ಹೆಂಡತಿಯ ಕೈ ಹಿಡಿಯುತ್ತಿದ್ದನಂತೆ. “ಇದು ಯಾರ ಮನಿ? ಈ ಸಪ್ಪಳ ನಮ್ಮ ಮನೀದಲ್ಲ,” ಅನ್ನುತ್ತಿದ್ದನಂತೆ. ಅದನ್ನು ಕೇಳುತ್ತಲೇ ಹೋದ.

ಆದ್ದರಿಂದ ರೋಗಿಯನ್ನು ತಂದವರಿಗೆ ಮಾಶಾಬಿ ಹೇಳುತ್ತಿದ್ದದ್ದು ಒಂದೇ ಮಾತು: “ಹಾಸಿಗಿ ಬ್ಯಾಡ, ಕಾಳು ಬ್ಯಾಡ. ನಿಮ್ಮ ಮನಿಯಾಗ ಸಪ್ಪಳ ಮಾಡೂದು ಒಂದು ತರ್ರಿ.” ಒಬ್ಬರು ಬಾಗಿಲ ಚಿಲಕ ಕಿತ್ತು ತರುತ್ತಿದ್ದರು, ಒಬ್ಬರು ಅಡಕೊತ್ತು, ಒಬ್ಬರು ಎತ್ತಿನ ಗೆಜ್ಜೆಸರ. ಮನೆಯಲ್ಲಿ ಅದು ಯಾವ ಹೊತ್ತಿಗೆ ಸಪ್ಪಳ ಮಾಡುತ್ತಿತ್ತೋ ಅದೇ ಹೊತ್ತಿಗೆ ಅವಳು ರೋಗಿಯ ತಲೆಯ ಹಿಂದೆ ಕೂತು ಅದನ್ನು ಅಲುಗಿಸುತ್ತಿದ್ದಳು. ಸಪ್ಪಳ ಗುಮ್ಮಟದೊಳಗೆ ಹೊಕ್ಕು, ಸ್ವಲ್ಪ ತಡೆದು, ತಿರುಗಿ ಬರುತ್ತಿತ್ತು. ತಿರುಗಿ ಬಂದದ್ದು ಹೋದದ್ದರ ಹಾಗೇ ಇರುತ್ತಿರಲಿಲ್ಲ ಎಂದು ಕೆಲವರು ಅನ್ನುತ್ತಿದ್ದರು. ರೋಗಿ ತೀರಿಹೋದ ಮೇಲೆ ಆ ವಸ್ತುವನ್ನು ಮನೆಗೆ ಒಯ್ಯಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ. ಅವೆಲ್ಲ ಗೋಡೆಯ ಗೂಡುಗಳಲ್ಲೇ ಉಳಿದಿದ್ದವು.

*

ಹೊಳೆವ್ವ ತಂದುಕೊಟ್ಟದ್ದು ಕುರಿಯ ಗಂಟೆ. ಅವಳ ಅಪ್ಪ ಹಿಂಡಿನ ಮುಂದಿನ ಟಗರಿನ ಕೊರಳಿಗೆ ಕಟ್ಟುತ್ತಿದ್ದದ್ದು. ಅಪ್ಪ ಸತ್ತು ಬಹಳ ವರ್ಷವಾಗಿತ್ತು. ಗಂಟೆ ಮಾತ್ರ ಜಂತಿಗೆ ತೂಗುಬಿದ್ದಿತ್ತು. ಗಾಳಿ ಬೀಸಿದಾಗ ತಾನೇ ಒಮ್ಮೊಮ್ಮೆ ಅಲುಗುತ್ತಿತ್ತು.

ಸುಗ್ಗಿಯ ಒಂದು ಮಧ್ಯಾಹ್ನ ಅವಳು ತಂಬಿಗೆಯಲ್ಲಿ ಮಜ್ಜಿಗೆ ಹಿಡಿದುಕೊಂಡು ತೋಟದಿಂದ ನೇರ ಇಲ್ಲಿಗೆ ಬಂದಳು. ಸುತ್ತ ನರಪಿಳ್ಳೆ ಇರಲಿಲ್ಲ. ಬಿಸಿಲು ಗುಮ್ಮಟದ ಮೇಲೆ ಬೆಳ್ಳಗೆ ನಿಂತಿತ್ತು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಒಳಗೆ ಗಂಟೆ ಅಲುಗಿತು. ಅದರ ಬೆನ್ನಿಗೇ ಒಂದು ಕೂಗು.

“ಹುರ್ರ್... ಹೋ... ಬೋರೀ, ತಟ್ಟಿ ತಗಿ!”

ಮಧ್ಯಾಹ್ನ ಹಿಂಡು ನೆರಳಿಗೆ ತಿರುಗಿ ಬಂದಾಗ ಬೇಲಿಯ ತಟ್ಟಿ ತೆಗೆಯಲು ಅಪ್ಪ ಅವ್ವನನ್ನು ಕರೆಯುತ್ತಿದ್ದ ಕೂಗು ಅದು. ‘ಬೋರೀ’ ಎಂದು ಅವ್ವನನ್ನು ಕರೆದವನು ಭೂಮಿಯ ಮೇಲೆ ಅವನೊಬ್ಬನೇ.

ಒಳಗೆ ಅವ್ವ ನಕ್ಕಳು. ಗಂಡನ ಮನೆಗೆ ಹೊಸದಾಗಿ ನಡೆಯಲು ಬಂದವಳ ನಗೆ. “ಬಂದೇನು? ಇಷ್ಟೊತ್ತ ಮಾಡಿದಿ. ಕೈಕಾಲ ತೊಳಕೋ ಹೋಗು,” ಅಂದಳು.

ಹೊಳೆವ್ವ ಬಾಗಿಲಲ್ಲೇ ನಿಂತಳು. ಈ ಮಾಶಾಬಿ ಯಾವನನ್ನೋ ತಂದು ಮೂಲೆಯಲ್ಲಿ ಕೂಡಿಸಿ, ಸತ್ತ ಅಪ್ಪನ ದನಿ ತೆಗೆಸಿ, ಸಾಯುವ ಮುದುಕಿಗೆ ಮೋಸ ಮಾಡುತ್ತಿದ್ದಾಳೆ ಎಂದುಕೊಂಡಳು. ಅಷ್ಟೇ ಆಗಿದ್ದರೆ ಒಳಗೆ ನುಗ್ಗಿ ಕೇಳುತ್ತಿದ್ದಳು. ಮೋಸವಲ್ಲದಿದ್ದರೆ ಏನು ಗತಿ ಎಂಬುದು ಅವಳ ಕಾಲನ್ನು ಹಿಡಿಯಿತು. ಮಜ್ಜಿಗೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ನೋಡದೆ ಬಂದುಬಿಟ್ಟಳು.

ಹೊತ್ತು ಮುಳುಗುವ ಮೊದಲೇ ಸುದ್ದಿ ಬಂತು. ಹೆಣವನ್ನು ನೇರ ಅವ್ವನ ಊರು ಬಿಜ್ಜರಗಿಗೆ ಒಯ್ದರು. ಬಬಲೇಶ್ವರದಿಂದ ಬಂದ ಲಕ್ಕವ್ವ, “ಅವ್ವ ಹೆಂಗ ಹೋದ್ಲು ಬೇ?” ಎಂದು ಕೇಳಿದ್ದಕ್ಕೆ ಹೊಳೆವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದಳು, ಅಷ್ಟೇ.

*

ಮೈ ತೊಳೆಯುವ ಬಾನುಬಿ ಪರದೆಯ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಊರಿನ ಸಾಬರ ಹೆಂಗಸರು ಸತ್ತರೆಲ್ಲ ಅವಳದೇ ಕೈ. ಬಾಯಿ ಮಾತ್ರ ಬಾರೆಮುಳ್ಳು.

“ಏನ್ ಹೊಳೆವ್ವ, ದಾರಿ ತಪ್ಪಿ ಬಂದಿ?” ಅಂದಳು. “ಇಕಿ ಜೀವಂತ ಇದ್ದಾಗ ಮಾರಿ ತಿರುವಿ ಹೋಗ್ತಿದ್ದಿ. ಈಗ ಮಾರಿ ತಿರುವಾಕ ಆಕಿಗೇ ಬರಂಗಿಲ್ಲ ಅಂತ ಬಂದೇನು?”

ಹೊಳೆವ್ವ ಒಲೆಗೆ ಕಟ್ಟಿಗೆ ದೂಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. “ಬಾನುಬಿ, ನೀ ಎಷ್ಟೋ ಮಂದಿನ್ನ ತೊಳದೀ. ಖರೇ ಹೇಳು. ಈ ಮನಿ ಹೆಂಗ?”

ಬಾನುಬಿ ಎದುರು ಕುಕ್ಕುರುಗಾಲಲ್ಲಿ ಕೂತಳು. ಮಾತಿನ ಮೊನೆ ಇಳಿದಿತ್ತು. “ನಾ ಮಾರಿ ನೋಡಂಗಿಲ್ಲ. ಹೆಣದ ಬೆನ್ನ ನೋಡ್ತೀನಿ. ದೊಡ್ಡದೊಡ್ಡ ಮನಿಯಾಗ, ಮಕ್ಕಳು ಸೊಸಿಯಂದ್ರು ಬಾಯಿ ಬಾಯಿ ಬಡಕೊಳ್ಳೂ ಮನಿಯಾಗ, ತಿರುವಿ ನೋಡಿದ್ರ ಬೆನ್ನ ಪೂರಾ ಹುಣ್ಣ. ಈ ಮನಿಯಿಂದ ಬಂದ ಒಂದು ಬೆನ್ನಿಗೂ ಹುಣ್ಣ ಕಂಡಿಲ್ಲ. ಈಗ ಇಕೀದೂ ನೋಡಿ ಬಂದೆ. ಕೂಸಿನ ಬೆನ್ನ ಇದ್ದಂಗ ಐತಿ. ಆ ಹುಡುಗಿ ಜುಲೇಖಾ ನೋಡಿಕೊಂಡಿದ್ದು.” ಬಾಗಿಲೊಳಗಿನ ಗೋಡೆಯ ಕಡೆ ಕೈ ಮಾಡಿ ಅಂದಳು, “ಆದ್ರ ಆ ಗೂಡಿನ ಕಡೆ ನಾ ಬೆನ್ನ ಮಾಡಿ ಕುಂದ್ರಂಗಿಲ್ಲಪಾ. ಏನೋ ಹಿಂದ ಬಂದು ನಿಂತಂಗ ಆಕ್ಕೈತಿ.”

ಹೊಳೆವ್ವನಿಗೆ ಅವ್ವನ ಬೆನ್ನು ನೆನಪಾಯಿತು. ಬಿಜ್ಜರಗಿಯಲ್ಲಿ ಹೆಣಕ್ಕೆ ನೀರೆರೆಯುವಾಗ ಅವಳೇ ಅರಿಷಿಣ ಹಚ್ಚಿದ್ದಳು. ಸುಕ್ಕುಗಳಿದ್ದವು. ಗಾಯ ಇರಲಿಲ್ಲ. ಅದನ್ನು ಕಣ್ಣು ಕಂಡಿತ್ತು, ಮನಸ್ಸು ಈಗ ಕಂಡಿತು.

*

ಜನಾಜಾ ಎತ್ತಿಕೊಂಡು ಗಂಡಸರು ಖಬರಸ್ತಾನದ ಕಡೆ ನಡೆದರು. ಗೊಲ್ಲಾಳಪ್ಪ ಕಂಬಳಿ ಹೆಗಲು ಬದಲಿಸಿ ಅದಕ್ಕೂ ಹೆಗಲು ಕೊಟ್ಟ. ಹೆಂಗಸರು ಬಾಗಿಲವರೆಗೆ ಬಂದು ನಿಂತರು. ಆಮೇಲೆ ಒಬ್ಬೊಬ್ಬರಾಗಿ ಕರಗಿದರು.

ಜುಲೇಖಾ ಖಾಲಿ ಹೊರಸನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದಳು. ಹೊಳೆವ್ವ ಅವಳ ಹಿಂದೆ ಹೋಗಿ ನಿಂತಳು. ಹೋದ ಸುಗ್ಗಿಯಿಂದ ನುಂಗಿದ್ದ ಮಾತು ಹೊರಬಂತು.

“ನಮ್ಮವ್ವ ಹೋದ ದಿನ ಇಲ್ಲಿ ಯಾರ್ ಇದ್ರು? ನಮ್ಮಪ್ಪನ ದನಿ ತಗದಾಂವ ಯಾವನು?”

ಜುಲೇಖಾ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. “ನಿಮಗೂ ಕೇಳಿತ್ತೇನ್ರಿ ಅಕ್ಕಾ?” ಅಂದಳು.

ಹೊಳೆವ್ವ ಹೌದೆಂದು ತಲೆಯಾಡಿಸಿದಳು.

“ಅವತ್ತ ಫುಪ್ಪಿ ಮನಿಯಾಗ ಇರಲಿಲ್ಲ. ಔಷಧಿ ತರಾಕ ವಿಜಾಪುರಕ್ಕ ಹೋಗಿದ್ಲು. ನಾ ಒಬ್ಬಾಕೀನ ಇದ್ದೆ. ಗಂಟಿ ಅಲುಗಿಸಿದಾಕಿ ನಾನ. ಅಷ್ಟ ನನಗ ಹೇಳಿದ್ಲು, ಅಷ್ಟ ಮಾಡಿದೆ. ಕೂಗಿದ್ದು ನಾ ಅಲ್ಲರಿ.” ಜುಲೇಖಾ ಗುಮ್ಮಟದ ಕಡೆ ನೋಡಲಿಲ್ಲ. “ಅದು ತಿರುಗಿ ಬಂದ ದನಿಯೊಳಗ ಇತ್ತು.”

“ಅವ್ವ ಅಂಜಿದ್ಲೇನು?”

“ಅಂಜಿದ್ದು ನಾ. ಆಯಿ ಅಂಜಲಿಲ್ಲ. ಬಾಗಲಾಗ ಯಾರು ಅಂತ ಕೇಳಿದ್ಲು. ತಂಬಗಿ ನೋಡಿ, ನಿಮ್ಮ ಮಗಳು ಬಂದು ಹೋದ್ಲರಿ ಅಂದೆ. ‘ಆಕಿ ಯಾಕ ಒಳಗ ಬರಲಿಲ್ಲ? ಅಪ್ಪ ಬಂದಾನ ಅಂತ ಹೇಳ್ಬೇಕಿತ್ತಲ್ಲ’ ಅಂದ್ಲು. ಅದ ಮಜ್ಜಿಗಿ ಎರಡ ಗುಟುಕ ಕುಡದು, ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಮಲಗಿದ್ಲು. ಏಳಲಿಲ್ಲ.”

ಹೊಳೆವ್ವ ಅಲ್ಲೇ ನೆಲಕ್ಕೆ ಕೂತಳು. ತೆರೆದ ಬಾಗಿಲೊಳಗೆ, ಗೂಡುಗಳಲ್ಲಿ ಚಿಲಕಗಳು, ಅಡಕೊತ್ತುಗಳು, ಗೆಜ್ಜೆಸರಗಳು ಸುಮ್ಮನಿದ್ದವು. ಕುರಿಯ ಗಂಟೆಯೂ ಇತ್ತು.

“ಮಾಶಾಕ್ಕಗ ಏನ್ ಅಲುಗಿಸಿದಿ?” ಹೊಳೆವ್ವ ಕೇಳಿದಳು.

“ಏನೈತ್ರಿ ಅಲುಗಿಸಾಕ? ಫುಪ್ಪಾನ ತಿದಿ ಎಂದೋ ಮಾರಿದ್ರು. ಬರೇ ಕೈ ಹಿಡಕೊಂಡು ಕುಂತೆ.” ಜುಲೇಖಾ ದನಿ ತಗ್ಗಿಸಿದಳು. “ನಡರಾತ್ರಿಯಿಂದ ತಿದಿ ಊದಿದ ಸಪ್ಪಳ ಕೇಳಾಕತ್ತಿತ್ತು. ಫುಸ್, ಫುಸ್ ಅಂತ. ಆಕಿ ಉಸಿರ ಅನಕೊಂಡಿದ್ದೆ. ಉಸಿರ ನಿಂತ ಮ್ಯಾಲೂ ತುಸು ಹೊತ್ತ ಕೇಳ್ತರಿ.”

ಹೊಳೆವ್ವ ಗೂಡಿನ ಕಡೆ ನೋಡಿದಳು. ಈ ಸಲ ಕಾಲು ಓಡಲಿಲ್ಲ. “ಇನ್ನ ಮುಂದ ಯಾರರ ಬಂದ್ರ?”

“ಹೊರಸು ತೊಳದ ಇಟ್ಟೀನಲ್ರಿ,” ಅಂದಳು ಜುಲೇಖಾ.

*

ಅದೇ ಅಂಗಳದಲ್ಲಿ, ತೊಡೆಯ ಮೇಲೆ ಕಾರ್ಡಿಟ್ಟುಕೊಂಡು ಹೊಳೆವ್ವ ಬರೆದಳು. ಪೆನ್ಸಿಲ್ ಮೊಂಡಾಗಿತ್ತು. ನಾಲಗೆಗೆ ತಾಗಿಸಿ ತಾಗಿಸಿ ಒಂದೊಂದೇ ಅಕ್ಷರ ಒತ್ತಿದಳು.

‘ಅಕ್ಕಾ, ಶಾಂತಪ್ಪ ಮಾವನ್ನ ಇಲ್ಲಿಗೆ ಕರಕೊಂಡು ಬಾ. ಅವ್ವನ ಬೆನ್ನ ಮ್ಯಾಲೆ ಒಂದು ಗಾಯ ಇರಲಿಲ್ಲ. ಅವ್ವ ಅಂಜಲಿಲ್ಲ. ನಕ್ಕೋಂತ ಹೋಗ್ಯಾಳ. ನಾ ಬಾಗಲಾಗ ಇದ್ದೆ, ನನ್ನ ಕಿವೀಲೆ ಕೇಳೀನಿ. ಮಾಶಾಬಿ ತೀರಿದಳು, ಜುಲೇಖಾ ಇದಾಳ. ನಾನೂ ಬಂದು ಕುಂದ್ರತೀನಿ. ಬರೂ ಮುಂದ ಟಾಂಗಾದ ಗಂಟಿ ಮರಿಯದ ತಾ.’

ಟಪಾಲು ಒಯ್ಯುವ ಮೋಟಾರು ಇನ್ನೂ ಬಂದಿರಲಿಲ್ಲ. ರಸ್ತೆಯ ಬದಿಯ ಕೆಂಪು ಡಬ್ಬಿಯ ಬಾಯಿಗೆ ಕಾರ್ಡು ಹಿಡಿದು ಅವಳು ಒಂದು ಗಳಿಗೆ ನಿಂತಳು. ಸುಣ್ಣದ ಕಲೆಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಬಿಟ್ಟಳು. ಕಾರ್ಡು ಖಾಲಿ ಡಬ್ಬಿಯ ತಳಕ್ಕೆ ಬಿದ್ದ ಸಪ್ಪಳ ಕೇಳಿಸಿತು.

ಅದು ಅಡಗುವ ಮೊದಲೇ ಬಬಲೇಶ್ವರದ ದಾರಿಯ ಕಡೆಯಿಂದ ಗಂಟೆಯ ದನಿ ಬಂತು. ಜೊತೆಗೆ ಕುದುರೆಯ ಗೊರಸು, ಅವಸರವಿಲ್ಲದ ನಡಿಗೆ, ದಿನದ ಕೆಲಸ ಮುಗಿಸಿ ಮನೆಗೆ ಹೊರಟಂತೆ. ತಿಕೋಟಾಕ್ಕೆ ಟಾಂಗಾ ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ದಾರಿಯ ಉದ್ದಕ್ಕೂ ಸಂಜೆಯ ಬಿಸಿಲಿತ್ತು. ಎಲ್ಲಿಯೂ ಧೂಳು ಎದ್ದಿರಲಿಲ್ಲ.

ದನಿ ಹತ್ತಿರವಾಯಿತು. ಕಾರ್ಡು ತಡವಾಗಿತ್ತು. ಹೊಳೆವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡು, ಹಿರಿಯರು ಬರುವಾಗ ಸರಿಯುವಂತೆ, ರಸ್ತೆಯ ಬದಿಗೆ ಸರಿದು ದಾರಿ ಬಿಟ್ಟು ನಿಂತಳು.