ಕರಿ ಗೋಲಿ

ಬೆಂಕಿ ಆರಿಸುವ ದಳಕ್ಕೆ ಸೇರಲು ತನ್ನ ಪರವಾಗಿ ಹೊಣೆ ನಿಲ್ಲಬೇಕೆಂದು ಹಿಮೇನಾ ಕೇಳಲು ಬಂದಾಗ ನೋಲ್ಫಾ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದಳು. ತಕ್ಕಡಿಯಿಂದ ಕಣ್ಣೆತ್ತದೆಯೇ ಆಗಲಿ ಎಂದಳು. ಇಲ್ಲ ಎನ್ನಲು ಒಂದು ಕಾರಣ ಬೇಕಿತ್ತು. ಅವಳ ಬಳಿ ಇದ್ದ ಕಾರಣ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ.

ಕುರಾಲ್ವೆಯ ಮನೆಗಳೆಲ್ಲ ಮರದವು. ಮನೆಮನೆಯಲ್ಲೂ ಇಡೀ ಚಳಿಗಾಲ ಸೌದೆ ಒಲೆ ಉರಿಯುತ್ತದೆ. ಹಾಗಾಗಿ ಬೆಂಕಿ ಬೀಳುವುದು ಊರಿಗೆ ಹೊಸದಲ್ಲ. ಅದನ್ನು ಆರಿಸುವವರಲ್ಲಿ ಸಂಬಳದವರು ಒಬ್ಬರೂ ಇಲ್ಲ. ಸೈರನ್ ಕೂಗಿದರೆ ಕಟುಕ ಕತ್ತಿಯನ್ನು ಮಾಂಸದಲ್ಲೇ ಬಿಟ್ಟು ಓಡುತ್ತಾನೆ, ಕ್ಷೌರಿಕ ಗಿರಾಕಿಯ ಸೋಪು ಹಚ್ಚಿದ ಗಲ್ಲವನ್ನು ಹಾಗೇ ಬಿಟ್ಟು ಓಡುತ್ತಾನೆ. ಚಿಲಿಯ ಊರೂರಲ್ಲೂ ಹೀಗೇ. ದಳಕ್ಕೆ ಸೇರಿದವರನ್ನು ಊರು ಬೇರೆಯೇ ಕಣ್ಣಿನಿಂದ ನೋಡುತ್ತದೆ, ಅಷ್ಟೇ ಕೂಲಿ.

ನೋಲ್ಫಾ ಆ ದಳದ ಮೊದಲ ಹೆಣ್ಣು. ಇಂದಿಗೂ ಒಬ್ಬಳೇ ಹೆಣ್ಣು. ಎರಡು ಸಲ ಅವಳನ್ನು ಬೇಡವೆಂದಿದ್ದರು. ಮೂರನೆಯ ಸಲ, ದಳದಲ್ಲಿ ಎಲ್ಲರಿಗಿಂತ ಹಿರಿಯರಾದ ದೊನ್ ರೆಮಿಹಿಯೊ ಹೊಣೆ ನಿಂತದ್ದರಿಂದ ಒಳಗೆ ಬಿಟ್ಟುಕೊಂಡರು. ಬಂದವಳು ಯಾರಿಂದಲೂ ಒಂದು ಮಾತು ಕೇಳಿಸಿಕೊಳ್ಳಲಿಲ್ಲ. ಗಂಡಸರು ಹೊರುವ ಪೈಪನ್ನು ಹೊತ್ತಳು, ಅವರಿಗಿಂತ ಮುಂಚೆ ಏಣಿ ಹತ್ತಿದಳು, ಯಾರ ಸಹಾಯವನ್ನೂ ಕೇಳಲಿಲ್ಲ. ಮೆರವಣಿಗೆಯ ದಿನ ಅವಳು ಬಾವುಟ ಹಿಡಿದು ನಡೆಯುವಾಗ ಕಿಟಕಿಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. ಅವಳು ದಳದ ಹಾಲ್‌ಗೆ ಕಾಲಿಟ್ಟರೆ ಗಂಡಸರ ದನಿ ತಗ್ಗುತ್ತಿತ್ತು. ಅದನ್ನು ಅವಳು ಗೌರವವೆಂದೇ ತಿಳಿದಿದ್ದಳು.

ಆಮೇಲೆ ಹಿಮೇನಾ ಬಂದಳು. ಉತ್ತರದ ಕಡೆಯಿಂದ ವರ್ಗವಾಗಿ ಬಂದ ಶಿಶುವಿಹಾರದ ಟೀಚರು. ಹಿಟ್ಟಿನ ಗಿರಣಿಗೆ ಬೆಂಕಿ ಬಿದ್ದ ದಿನ ಯಾರೂ ಕರೆಯದೆ ಕಾಫಿಯ ಫ್ಲಾಸ್ಕ್ ಹಿಡಿದು ಬಂದವಳು ಮತ್ತೆ ಹಿಂದಕ್ಕೆ ಹೋಗಲೇ ಇಲ್ಲ. ಒಂದೇ ಚಳಿಗಾಲದಲ್ಲಿ ಯಾರ ಹೆಂಡತಿಗೆ ಮಂಡಿನೋವು, ಯಾರು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂಬುದೆಲ್ಲ ಅವಳಿಗೆ ತಿಳಿದಿತ್ತು. ಅವಳು ಬಾಗಿಲಲ್ಲಿ ಕಂಡರೆ ಹಾಲ್‌ನ ದನಿ ತಗ್ಗುತ್ತಿರಲಿಲ್ಲ, ಏರುತ್ತಿತ್ತು.

ನೋಲ್ಫಾಳ ಹೊಟ್ಟೆಯಲ್ಲಿ ಬೆಂಕಿ ಹತ್ತಿಕೊಂಡದ್ದು ಅಭ್ಯಾಸದ ಒಂದು ದಿನ. ಹಿಮೇನಾಳ ಕೈಗೆ ಪೈಪು ಕೊಟ್ಟಿದ್ದರು. ನೀರು ನುಗ್ಗಿದ ರಭಸಕ್ಕೆ ಅವಳು ಜಾರಿ ಕೆಸರಲ್ಲಿ ಕುಕ್ಕರಿಸಿದಳು. ಕೂತಲ್ಲೇ ನಗತೊಡಗಿದಳು. ಕಟುಕ ಚಾಲೊ ನಕ್ಕ, ಕ್ಯಾಪ್ಟನ್ ಬೆಲಾರ್ಮಿನೊ ನಕ್ಕ, ಎಂದೂ ನಗದ ದೊನ್ ರೆಮಿಹಿಯೊ ಕೂಡ ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಕ್ಕರು. ಎಲ್ಲರೂ ಓಡಿಹೋಗಿ ಅವಳನ್ನು ಎಬ್ಬಿಸಿದರು. ನೋಲ್ಫಾ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಜಾರಿರಲಿಲ್ಲ. ಜಾರಬಹುದಿತ್ತು ಎಂದು ಅವಳಿಗೆ ಹೊಳೆದದ್ದೇ ಅಂದು.

ಆಯ್ಕೆಯ ಸಭೆ ಭಾನುವಾರ ಮಧ್ಯಾಹ್ನ ಸೇರಿತು. ಸೇರಬಯಸುವವರು ಅಡುಗೆಮನೆಯಲ್ಲಿ ಕಾಯಬೇಕು. ಒಳಗೆ ಪ್ರತಿಯೊಬ್ಬರ ಕೈಗೂ ಒಂದು ಬಿಳಿ ಗೋಲಿ, ಒಂದು ಕರಿ ಗೋಲಿ ಕೊಡುತ್ತಾರೆ. ಬಟ್ಟೆ ಮುಚ್ಚಿದ ಪೆಟ್ಟಿಗೆ ಸುತ್ತು ಬಂದಾಗ ಒಂದನ್ನು ಅದರೊಳಗೆ ಬಿಡಬೇಕು, ಉಳಿದದ್ದನ್ನು ಹಿಂದೆ ಬರುವ ಚೀಲಕ್ಕೆ ಹಾಕಬೇಕು. ಯಾರು ಯಾವುದನ್ನು ಬಿಟ್ಟರೆಂದು ಯಾರಿಗೂ ತಿಳಿಯದು, ಕೇಳುವ ಹಾಗೂ ಇಲ್ಲ. ಮೂರು ಕರಿ ಬಿದ್ದರೆ ಬಾಗಿಲು ಮುಚ್ಚಿದ ಹಾಗೆ.

ಹೊಣೆ ನಿಂತವರು ಮೊದಲು ಎದ್ದು ನಾಲ್ಕು ಮಾತಾಡುವುದು ಪದ್ಧತಿ. ನೋಲ್ಫಾ ಎದ್ದಳು.

"ಕೆಲಸ ಮಾಡ್ತಾಳೆ. ಹೆದರಲ್ಲ," ಎಂದು ಕೂತಳು.

"ನೋಲ್ಫಾ ಬಾಯಲ್ಲಿ ಇಷ್ಟು ಬಂತು ಅಂದ್ರೆ ಮದುವೆಮನೆ ಭಾಷಣ ಆದಂಗೇ ಬಿಡಿ," ಎಂದ ಚಾಲೊ. ಎಲ್ಲರೂ ನಕ್ಕರು. ಆ ನಗು ಕೂಡ ಅಡುಗೆಮನೆಯಲ್ಲಿ ಕೂತವಳ ಪಾಲಿನದೇ ಎನ್ನಿಸಿತು ನೋಲ್ಫಾಳಿಗೆ.

ಪೆಟ್ಟಿಗೆ ಬರುವವರೆಗೂ ಅವಳು ಎರಡು ಗೋಲಿಗಳನ್ನು ಮುಷ್ಟಿಯೊಳಗೆ ತಿರುಗಿಸುತ್ತಿದ್ದಳು. ಹಿಮೇನಾ ಸೇರುವುದು ಖಂಡಿತವೆಂದು ಅವಳಿಗೆ ಗೊತ್ತಿತ್ತು. ಅದನ್ನು ತಡೆಯುವ ಯೋಚನೆಯೂ ಇರಲಿಲ್ಲ. ಆದರೆ ಎಲ್ಲ ಬಿಳಿಯೇ ಬೀಳುತ್ತವಲ್ಲ, ಮೊದಲ ಸಲವೇ, ಒಂದೂ ಬಿಡದೆ! ಒಂದೇ ಒಂದು ಕರಿ ಬೀಳಲಿ. ಈ ಊರಲ್ಲಿ ಅವಳನ್ನು ಒಲ್ಲದವರೂ ಯಾರೋ ಒಬ್ಬರಿದ್ದಾರೆ ಎಂದು ಅವಳಿಗೆ ಗೊತ್ತಾಗಲಿ. ಸಾಕು ಅಷ್ಟು. ಹೊಣೆ ನಿಂತವಳ ಮೇಲೆ ಯಾರಿಗೂ ಅನುಮಾನ ಬಾರದು.

ಪೆಟ್ಟಿಗೆ ಬಂತು. ನೋಲ್ಫಾಳ ಕೈ ಬಟ್ಟೆಯೊಳಗೆ ಹೋಗಿ ಹೊರಗೆ ಬಂತು.

ಕ್ಯಾಪ್ಟನ್ ಮೇಜಿನ ಹಸಿರು ಬಟ್ಟೆಯ ಮೇಲೆ ಪೆಟ್ಟಿಗೆಯನ್ನು ಬೋರಲು ಹಾಕಿದ. ಬಿಳಿಯ ನಡುವೆ ಒಂದು ಕರಿ ಉರುಳಿತು. ತನ್ನದು ಎಂದುಕೊಂಡಳು ನೋಲ್ಫಾ. ಅದರ ಹಿಂದೆ ಇನ್ನೊಂದು. ಮೇಜಿನ ಅಂಚಿಗೆ ಹೋಗಿ ನಿಂತದ್ದು ಮೂರನೆಯದು.

ಒಬ್ಬರ ಮುಖವನ್ನು ಒಬ್ಬರು ನೋಡುವುದನ್ನು ತಪ್ಪಿಸುತ್ತ ಎಲ್ಲರೂ ಮೇಜನ್ನೇ ನೋಡಿದರು. ಉಳಿದ ಇಬ್ಬರೂ ತನ್ನ ಹಾಗೆಯೇ ಒಂದೇ ಒಂದು ಎಂದುಕೊಂಡು ಬಿಟ್ಟಿದ್ದರೋ ಏನೋ. ಅವರು ಯಾರೆಂದು ತಿಳಿಯುವ ದಾರಿಯಿರಲಿಲ್ಲ.

ಹೊಣೆ ನಿಂತವರು ಬೇಕೆಂದರೆ ಇನ್ನೊಂದು ಸುತ್ತು ಕೇಳಬಹುದಿತ್ತು. ಕ್ಯಾಪ್ಟನ್ ಗೋಲಿಗಳನ್ನು ಬಾಚದೆ ನೋಲ್ಫಾಳ ಕಡೆ ತಿರುಗಿ, ಏನಾದರೂ ಕೇಳುವುದಿದೆಯೇ ಎಂದು ವಿಚಾರಿಸಿದ. ಕೇಳಿ, ಈ ಸಲ ತಾನು ಬಿಳಿ ಬಿಟ್ಟಿದ್ದರೆ ಕರಿ ಎರಡಕ್ಕಿಳಿಯುತ್ತಿತ್ತು, ಹಿಮೇನಾ ಒಳಗೆ ಬರುತ್ತಿದ್ದಳು. ಬಾಯಿ ತೆರೆಯುವುದಷ್ಟೇ ಕೆಲಸ. ಅಡುಗೆಮನೆಯಿಂದ ತಟ್ಟೆಗಳ ಸದ್ದು ಬರುತ್ತಿತ್ತು, ಅದರ ಜೊತೆ ಹಿಮೇನಾ ಏನೋ ಗುನುಗುವುದೂ ಕೇಳುತ್ತಿತ್ತು. ನೋಲ್ಫಾ ಆ ಗುನುಗನ್ನು ಕೇಳಿಸಿಕೊಳ್ಳುತ್ತ ಕೂತಳು. ಕ್ಯಾಪ್ಟನ್ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾದು, ಗೋಲಿಗಳನ್ನು ಬಾಚಿಕೊಂಡ.

ಸುದ್ದಿ ಮುಟ್ಟಿಸುವುದೂ ಹೊಣೆ ನಿಂತವರದೇ ಕೆಲಸ. ನೋಲ್ಫಾ ಅಡುಗೆಮನೆಗೆ ಹೋದಾಗ ಹಿಮೇನಾ ಒಲೆಯಿಂದ ಬನ್ನು ತೆಗೆಯುತ್ತಿದ್ದಳು. ಮುಖ ನೋಡಿಯೇ ಅವಳಿಗೆ ತಿಳಿಯಿತು. ಕೈಯ ಹಿಟ್ಟನ್ನು ಏಪ್ರನ್‌ಗೆ ಒರೆಸಿಕೊಂಡಳು.

"ಎಷ್ಟು?"

"ಮೂರು."

"ನಿಮ್ಗೂ ಹಂಗೇ ಮಾಡಿದ್ರಂತಲ್ಲ. ಅವತ್ತು ನೀವೇನ್ ಮಾಡಿದ್ರಿ ಸೆನ್ಯೋರಾ?"

"ಮನೆಗೆ ಹೋದೆ."

ಚರ್ಚಿನ ಹಿಂದಿನ ಗೋಡೆಗೆ ಮುಖ ಒತ್ತಿ ಅತ್ತದ್ದನ್ನು ನೋಲ್ಫಾ ಹೇಳಲಿಲ್ಲ. ಇವಳೂ ಅಳುತ್ತಾಳೆಂದು ಕಾದಳು. ಹಿಮೇನಾ ಬನ್ನುಗಳನ್ನು ತಟ್ಟೆಗೆ ಜೋಡಿಸಿ, ಬೆಣ್ಣೆಯ ಬಟ್ಟಲನ್ನು ನಡುವೆ ಇಟ್ಟಳು.

"ಆರೋಗತ್ತೆ. ಬನ್ನಿ," ಎಂದು ತಟ್ಟೆ ಎತ್ತಿಕೊಂಡು ಹಾಲ್‌ಗೆ ನಡೆದಳು.

ಗಂಡಸರೆಲ್ಲ ಎದ್ದು ನಿಂತರು. ಯಾರೂ ಹೇಳಿರಲಿಲ್ಲ ಎದ್ದು ನಿಲ್ಲಲು. ಅವಳು ಒಬ್ಬೊಬ್ಬರ ಮುಂದೆಯೂ ತಟ್ಟೆ ಹಿಡಿದಳು. ಒಬ್ಬೊಬ್ಬರೂ ತಪ್ಪು ಮಾಡಿದವರ ಹಾಗೆ ತೆಗೆದುಕೊಂಡರು. ಚಾಲೊಗೆ ಒಂದು ತಮಾಷೆಯೂ ಹೊಳೆಯಲಿಲ್ಲ. ಸೋತು ಬಂದವಳು ಹಾಲ್‌ನಲ್ಲಿದ್ದವರನ್ನೆಲ್ಲ ಕೈಗೆ ತೆಗೆದುಕೊಂಡುಬಿಟ್ಟಿದ್ದಳು. ನೋಲ್ಫಾ ಗೋಡೆಯ ಪಕ್ಕ ನಿಂತು ತನ್ನ ಪಾಲಿನದನ್ನು ಕಚ್ಚಿದಳು. ಬನ್ನು ಸೀದಿದ್ದರೆ, ಹಸಿಯಾಗಿದ್ದರೆ ಎಂದು ಆಸೆಪಟ್ಟಳು. ಅದು ಮೆತ್ತಗೆ, ಹದವಾಗಿತ್ತು.

ಕ್ಯಾಪ್ಟನ್ ಬನ್ನನ್ನು ಮುರಿಯದೆ ಕೈಯಲ್ಲೇ ಹಿಡಿದಿದ್ದ.

"ಒಂದು ವರ್ಷ ಕಳೀಲಿ ಮಗಳೇ. ಮುಂದಿನ ಸಲ ನಾನೇ ನಿಂಗೆ ಹೊಣೆ ನಿಲ್ತೀನಿ."

ಅವನು ಇದುವರೆಗೆ ಯಾರಿಗೂ ನಿಂತವನಲ್ಲ.

"ಯಾಕೆ ಕ್ಯಾಪ್ಟನ್, ಸೆನ್ಯೋರಾ ನೋಲ್ಫಾ ಇದ್ದಾರಲ್ಲ," ಎಂದಳು ಹಿಮೇನಾ. "ಯಾರದು ಬಿಳಿ, ಯಾರದು ಕರಿ ನಂಗೊತ್ತಿಲ್ಲ. ಗೊತ್ತಾಗೋದೂ ಬೇಡ. ಇವರದೊಂದು ಮಾತ್ರ ಗೊತ್ತು, ಅಷ್ಟು ಸಾಕು."

ಎಲ್ಲರ ಕಣ್ಣೂ ನೋಲ್ಫಾಳ ಕಡೆ ತಿರುಗಿದವು. ಎಷ್ಟೋ ತಿಂಗಳುಗಳಿಂದ ಅವಳು ಹಂಬಲಿಸಿದ್ದು ಇದನ್ನೇ. ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ಕ್ಯಾಪ್ಟನ್ನೇ ನಿಲ್ಲಲಿ," ಎಂದಳು.

ಚಾಲೊ ನಗಲು ಹೊರಟು ಅರ್ಧಕ್ಕೆ ನಿಲ್ಲಿಸಿದ. ದೊನ್ ರೆಮಿಹಿಯೊ ಕೈಯಲ್ಲಿದ್ದದ್ದನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿಕೊಂಡರು. ಮೂರು ಕರಿ ಗೋಲಿಗಳ ಸುದ್ದಿಗೂ ಬದಲಾಗದಿದ್ದ ಹಿಮೇನಾಳ ಮುಖ ಆಗ ಬದಲಾಯಿತು. ಅವಳು ನೋಲ್ಫಾಳನ್ನು ನೋಡುತ್ತ ನಿಂತಳು. ಸಿಟ್ಟಿನಿಂದಲ್ಲ. ಎಲ್ಲೋ ಒಮ್ಮೆ ಕಂಡವರ ಹೆಸರು ನೆನಪಿಸಿಕೊಳ್ಳಲು ನೋಡುವವರ ಹಾಗೆ.

ಆಮೇಲೆ ತಟ್ಟೆಯನ್ನು ಅವಳ ಮುಂದೆ ಹಿಡಿದಳು.

"ಇನ್ನೊಂದು ತಗೊಳ್ಳಿ," ಎಂದಳು. ಎಂದಿನಂತೆ ಮರ್ಯಾದೆಗೆ ಸೆನ್ಯೋರಾ ಎನ್ನಲಿಲ್ಲ.

ನೋಲ್ಫಾ ತೆಗೆದುಕೊಂಡಳು.