ಚೆನ್ನಾಗಿದೀನಿ ಬುದ್ಧಿ

ಮೈಮೇಲೆ ಮನೆ ಬಿದ್ದರೂ ‘ಚೆನ್ನಾಗಿದೀನಿ ಬುದ್ಧಿ’ ಅನ್ನುವ ಆಸಾಮಿ ಗಾರೆ ಮೇಸ್ತ್ರಿ ಜವರಯ್ಯ. ದೊಡ್ಡವರು ಹೇಗಿದೀಯ ಅಂತ ಕೇಳಿದಾಗ ಗೋಳು ತೋಡಿಕೊಳ್ಳುವುದು ಅವನ ಲೆಕ್ಕದಲ್ಲಿ ಮರ್ಯಾದೆಗೆಟ್ಟ ಕೆಲಸ. ಹೆಂಡತಿ ಬೆಟ್ಟಮ್ಮನಿಗೆ ಅವನ ಈ ಚಾಳಿ ಕಂಡರೆ ಮೈಯೆಲ್ಲ ಉರಿ.

ಅಂಥವನಿಗೆ ನಡುಕದ ರೋಗ ಬಂತು. ಸುಮ್ಮನೆ ಕೂತಾಗಲೂ ಬಲಗೈ ಅದುರುತ್ತಿತ್ತು, ಗಾರೆ ಮೆತ್ತುವ ಕರಣೆ ಜಾರುತ್ತಿತ್ತು. ಆಮೇಲೆ ಕಾಲು ನೆಲಕ್ಕೆ ಅಂಟಿದಂತಾಗಿ ಹೊಸ್ತಿಲು ದಾಟುವುದೇ ಕಷ್ಟವಾಯಿತು. ಕುಂಬಾರಕೊಪ್ಪಲಿನ ಮನೆಯಲ್ಲಿ ಬೆಟ್ಟಮ್ಮನೇ ತುತ್ತು ಮಾಡಿ ತಿನ್ನಿಸುವ ಕಾಲ ಬಂತು.

ಆ ಹೊತ್ತಿಗೆ ಜಯಲಕ್ಷ್ಮಿಪುರಂನಲ್ಲಿ ಸುಂದರೇಶ ಅನ್ನುವ ಎಳೆ ವಯಸ್ಸಿನ ಡಾಕ್ಟರು ಈ ರೋಗಕ್ಕೆ ಹೊಸ ಗುಳಿಗೆಯೊಂದನ್ನು ಪರೀಕ್ಷೆ ಮಾಡುತ್ತಿದ್ದರು. ಅರ್ಧ ಜನಕ್ಕೆ ನಿಜವಾದ ಔಷಧ, ಇನ್ನರ್ಧಕ್ಕೆ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಪರೀಕ್ಷೆ ಮುಗಿಯುವ ತನಕ ಡಾಕ್ಟರಿಗೂ ತಿಳಿಯಕೂಡದು. ಕೊನೆಗೂ ಗುಣ ಕಾಣದವರನ್ನು ಮದರಾಸಿಗೆ ಕಳಿಸಿ ತಲೆಯ ಆಪರೇಷನ್ ಮಾಡಿಸುವ ಏರ್ಪಾಡಿತ್ತು. ಅಲ್ಲಿ ಸಿಕ್ಕಿದ್ದು ಎರಡೇ ಹಾಸಿಗೆ. ಜವರಯ್ಯನೂ ಪರೀಕ್ಷೆಗೆ ಸೇರಿ ನುಂಗಿದ ಗುಳಿಗೆಯಿಂದ ಏನೂ ಆಗದೆ ಹೋದಾಗ ಬೆಟ್ಟಮ್ಮ ಆ ಹಾಸಿಗೆಯನ್ನೇ ನಂಬಿಕೊಂಡು ಕೂತಳು.

ಗಂಡ ಡಾಕ್ಟರ ಕೋಣೆಯೊಳಗೆ ಹೋದರೆ ಅವಳು ಜಗಲಿಯಲ್ಲೇ ಕಾಯುತ್ತಿದ್ದಳು. ಕೊನೆಯ ಸಲ ತಡೆಯಲಾರದೆ ನುಗ್ಗಿಯೇ ಬಿಟ್ಟಳು.

“ಮದರಾಸಿಗೆ ಯಾವತ್ತು ಒರಡ್ಬೇಕು ಸ್ವಾಮಿ?”

ಡಾಕ್ಟರು ನಕ್ಕರು. “ಇವರಿಗೆ ಯಾಕಮ್ಮಾ ಮದರಾಸು? ಎಲ್ಲರಿಗಿಂತ ಚೆನ್ನಾಗಿ ಗುಣ ಆಗಿರೋದು ಇವರಿಗೇ. ಆ ಹಾಸಿಗೆಗಳಿಗೆ ನಿನ್ನೆಯೇ ಬೇರೆಯವರು ಹೊರಟುಹೋದರು.”

“ಗುಣವಾ? ಅನ್ನ ಕಲಸೋಕಾಗಲ್ಲ ಕಣ್ ಸ್ವಾಮಿ! ಯಾರ್ ಏಳುದ್ರು ನಿಮಗೆ?”

“ಇವರೇ ಹೇಳಿದ್ದು.”

ಜವರಯ್ಯ ಎರಡೂ ಕೈ ಬಿಗಿಯಾಗಿ ಮುಗಿದುಕೊಂಡು ನಿಂತಿದ್ದ. ಬಂದಾಗಲೆಲ್ಲ ಹಾಗೇ ನಿಲ್ಲುತ್ತಿದ್ದನಂತೆ, ನಡುಕ ಕಾಣುತ್ತಿರಲಿಲ್ಲ. ನಡೆಯಿರಿ ಅಂದರೆ ಅಲ್ಲಿನ ಚೌಕ ಕಲ್ಲಿನ ನೆಲದ ಗೆರೆ ನೋಡಿಕೊಂಡು ಸಲೀಸಾಗಿ ಹೆಜ್ಜೆ ಹಾಕುತ್ತಿದ್ದನಂತೆ; ಗೆರೆ ಕಂಡರೆ ಈ ರೋಗದವರ ಅಂಟಿದ ಕಾಲು ಏಳುವುದುಂಟು.

“ಕೈ ಬಿಡಿ ಜವರಯ್ಯನೋರೇ.”

ಬಿಟ್ಟ. ಬಲಗೈ ಥರಥರ ಅದುರಿತು. ಡಾಕ್ಟರ ಮುಖ ಬಿಳಿಚಿಕೊಂಡಿತು. ಪರೀಕ್ಷೆ ಮುಗಿದಿತ್ತು, ಪಟ್ಟಿ ತೆಗೆಸಿ ನೋಡಿದರೆ ಅವನು ಇಷ್ಟು ದಿನ ನುಂಗಿದ್ದು ಹಿಟ್ಟಿನ ಗುಳಿಗೆ. ಮತ್ತೆ ಹಾಸಿಗೆ ಯಾವಾಗ ಸಿಗುತ್ತದೋ ಗೊತ್ತಿಲ್ಲ ಅಂದರು.

ಮನೆಗೆ ಬಂದು ತಟ್ಟೆ ಮುಂದಿಟ್ಟುಕೊಂಡ ಬೆಟ್ಟಮ್ಮ ಸಿಡಿದಳು. “ಯಾಕಂಗಂದ್ರಿ? ನನ್ನೊಟ್ಟೆ ಉರಿಸೋಕಾ?”

ಜವರಯ್ಯ ತಲೆ ಎತ್ತಲಿಲ್ಲ. “ಮೊದಲ್ನೇ ಸಲ ಬಾಯಿ ತಪ್ಪಿ ಅಂದ್ಬುಟ್ಟೆ ಕಣೆ. ಆ ಡಾಕ್ಟ್ರು ಉಡುಗನ ಮೊಕ ಎಂಗ್ ಅರಳ್ತು ಅಂತೀಯಾ! ಆಮ್ಯಾಕೆ ಪ್ರತಿ ಸಲಾನೂ ಅಷ್ಟೇ ಆಸೆಯಿಂದ ಕೇಳೋನು. ಇಲ್ಲ ಅನ್ನೋಕೆ ಬಾಯೇ ಬರ್ನಿಲ್ಲ.”

“ನಿಮ್ಮ ಕೈ ಓಯ್ತಲ್ರೀ! ಅವರ ಮೊಕ ನೋಡುದ್ರಿ, ನನ್ ಮೊಕ ನೋಡ್ನಿಲ್ವಲ್ರೀ!” ಬೆಟ್ಟಮ್ಮ ಗೊಳೋ ಎಂದು ಅತ್ತಳು.

“ಅಳ್ಬ್ಯಾಡ ಕಣೆ” ಅಂತ ಅವನು ಅವಳ ಕಣ್ಣೊರೆಸಲು ಕೈ ಎತ್ತಿದ. ಕೈ ಅರ್ಧದಲ್ಲೇ ನಡುಗುತ್ತ ನಿಂತುಬಿಟ್ಟಿತು. ಬೆಟ್ಟಮ್ಮ ತಾನೇ ಬಗ್ಗಿ ಕೆನ್ನೆಯನ್ನು ಅದಕ್ಕೆ ಒತ್ತಿಕೊಂಡಳು.