ತುಟಿಯ ಮೇಲಿನ ಗೀರು

"ಮತ್ತೆ ನಿಂತ್ಹೋಯ್ತು!" ಎಂದು ಲಿಫ್ಟ್ ಮೆಕ್ಯಾನಿಕ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಲ್ಯಾಪ್‌ಟಾಪಿನಲ್ಲಿ ವಿಡಿಯೊವನ್ನು ಹೊಸದಾಗಿ ತಯಾರಿಸುವ ರೆಂಡರಿನ ಹಸಿರು ಪಟ್ಟಿ ಮುಕ್ಕಾಲು ದಾರಿಗೆ ಬಂದು ಮುಷ್ಕರ ಹೂಡಿತ್ತು. ಕಿಟಕಿಯ ತನಕ ಹೋದ, ಪರದೆ ಸರಿಸಿದ, ಮತ್ತೆ ಮುಚ್ಚಿದ, ವಾಪಸು ಬಂದು ಕೂತ. ಅವನು ಕೂತರೂ ಮೊಣಕಾಲು ಕುಣಿಯುವುದನ್ನು ಬಿಡಲಿಲ್ಲ.

"ಒಂದು ಕಡೆ ಕೂರೋ, ನಿನ್ನ ನೋಡಿ ನೋಡಿ ನಂಗೆ ತಲೆ ಸುತ್ತುತ್ತೆ," ಎಂದಳು ಸೋಫಾದ ಮೇಲೆ ಬಟ್ಟೆ ಮಡಚುತ್ತಿದ್ದ ಅಕ್ಕ.

"ಹೆಂಗೆ ಕೂರಲಿ? ಅಪ್ಪ ಇದ್ರಲ್ಲಿ ಮಾತಾಡ್ತಿದಾರೆ ಕಣೇ. ಬಾಯಿ ಕಾಣ್ಸುತ್ತೆ, ದನಿ ಕೇಳ್ಸಲ್ಲ."

ಅಪ್ಪ ತೀರಿಹೋಗಿ ಬಹಳ ದಿನವಾಗಿರಲಿಲ್ಲ. ಆಸ್ಪತ್ರೆಯಿಂದ ಫೋನು ಬಂದಾಗ ಇವನು ಯಾವುದೋ ಎತ್ತರದ ಕಟ್ಟಡದ ಲಿಫ್ಟು ಇಳಿಯುವ ಬಾವಿಯ ತಳದಲ್ಲಿದ್ದ, ಸಿಗ್ನಲ್ ಇರಲಿಲ್ಲ. ಮೇಲೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊನ್ನೆ ಅಪ್ಪನ ಕಪಾಟು ಖಾಲಿ ಮಾಡುವಾಗ, ತಾನೇ ಕೊಡಿಸಿದ್ದ ಎಚ್‌ಡಿ ಕ್ಯಾಮೆರಾದಲ್ಲಿ ಈ ಒಂದೇ ವಿಡಿಯೊ ಸಿಕ್ಕಿತು. ಅಡುಗೆಮನೆಯ ಮೇಜಿನ ಮುಂದೆ ಕೂತು ಅಪ್ಪ ನೇರ ಕ್ಯಾಮೆರಾ ನೋಡುತ್ತ ಏನೋ ಹೇಳುತ್ತಿದ್ದರು. ಅಂದಿನಿಂದ ಇವನಿಗೆ ಊಟ ರುಚಿಸಿರಲಿಲ್ಲ.

ಕ್ಯಾಮೆರಾದ ಫೈಲನ್ನು ಟಿವಿ ಮೂಸಿಯೂ ನೋಡಲಿಲ್ಲ. ಫಾರ್ಮ್ಯಾಟ್ ಬದಲಾಯಿಸಿದ, ಚಿತ್ರ ಬಂತು, ಶಬ್ದ ಬರಲಿಲ್ಲ. ಈಗ ಪಟ್ಟಿ ನಿಂತದ್ದು ಡಿಸ್ಕಿನಲ್ಲಿ ಜಾಗ ಸಾಲದ್ದಕ್ಕೆ ಎಂದು ಹೊಳೆದು, ಸೈಟಿನ ಹಳೆಯ ಫೋಟೋಗಳನ್ನೆಲ್ಲ ಅಳಿಸಿ ಮತ್ತೆ ರೆಂಡರಿಗೆ ಹಾಕಿದ. ಈ ಸಲ ಪಟ್ಟಿ ಕೊನೆ ಮುಟ್ಟಿತು. ಪೆನ್‌ಡ್ರೈವ್ ಟಿವಿಗೆ ಚುಚ್ಚಿದ.

ಶಬ್ದ ಬಂತು. ಫ್ರಿಜ್ಜಿನ ಗುಂಯ್ ಸದ್ದು, ಹೊರಗೆ ಹಾದುಹೋದ ಬೈಕು, ಅಪ್ಪ ಕುರ್ಚಿ ಸರಿಸಿದ ಕಿರ್ರ್ ಎಲ್ಲವೂ ಕೇಳಿದವು. ಅಪ್ಪನ ತುಟಿಗಳು ಅಲ್ಲಾಡಿದವು. ದನಿ ಮಾತ್ರ ಇಲ್ಲ. ವಾಲ್ಯೂಮ್ ಏರಿಸಿದರೆ ಹಾಲ್ ತುಂಬ ಫ್ರಿಜ್ಜೇ.

ಮದುವೆ ವಿಡಿಯೊ ಮಾಡುವ ಗೆಳೆಯನಿಗೆ ಫೋನು ಹಚ್ಚಿದ. "ಕುರ್ಚಿ ಸದ್ದು ಕೇಳುತ್ತೆ ಅಂದ್ರೆ ಮೈಕು ಸರಿಯಾಗೇ ಇದೆ," ಎಂದ ಗೆಳೆಯ. "ಮನುಷ್ಯನ ದನಿ ಒಂದನ್ನೇ ನುಂಗೋ ಫಾರ್ಮ್ಯಾಟ್ ಇನ್ನೂ ಹುಟ್ಟಿಲ್ಲ ಕಣೋ."

ಅಷ್ಟರಲ್ಲಿ ಅಮ್ಮ ಒಳಗಿಂದ ಬಂದಳು. ಮಕ್ಕಳು ಚಿಕ್ಕವರಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ಎಲ್ಲ ಸರಿಮಾಡಿ ತೋರಿಸೋಣವೆಂದು ವಿಡಿಯೊದ ಸುದ್ದಿಯನ್ನೇ ಅವಳಿಗೆ ಹೇಳಿರಲಿಲ್ಲ. ಗಂಡನ ಮುಖ ಕಂಡು ಅವಳು ನಿಂತಲ್ಲೇ ನಿಂತಳು. ಆಮೇಲೆ ಟಿವಿಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದಳು.

"ತುಟಿ ಅಲ್ಲಾಡಿದಾಗೆಲ್ಲ ಗೀರು ಗೀರು," ಎಂದಳು, ತನ್ನ ಏರಿಳಿತವಿಲ್ಲದ ಗಟ್ಟಿ ದನಿಯಲ್ಲಿ. "ಒಂದಕ್ಷರ ಗೊತ್ತಾಗ್ತಿಲ್ಲ. ಸರಿ ಮಾಡು."

ಅವನು ಅವಳ ಎದುರಿಗೆ ಬಂದು ನಿಧಾನವಾಗಿ ಹೇಳಿದ: "ದನೀನೇ ಬಂದಿಲ್ಲಮ್ಮ. ಅದನ್ನೇ ಹುಡುಕ್ತಿದೀನಿ."

"ದನಿ ಎಲ್ಲಿಂದ ಬರುತ್ತೆ? ನಾವಿಬ್ರೇ ಇದ್ದಾಗ ನಿಮ್ಮಪ್ಪ ಯಾವತ್ತು ದನಿ ತೆಗೆದಿದ್ರು?"

ಅಕ್ಕನ ಕೈಯಲ್ಲಿ ಬಟ್ಟೆ ಅರ್ಧ ಮಡಿಕೆಯಲ್ಲೇ ಉಳಿಯಿತು. ಹೌದು. ಮಕ್ಕಳ ಮುಂದೆ ಅಪ್ಪ ಎಲ್ಲರಂತೆ ಮಾತಾಡುತ್ತಿದ್ದರು. ಅಮ್ಮನೊಬ್ಬಳೇ ಇದ್ದರೆ ತುಟಿಯಷ್ಟೇ. ಬಾಗಿಲ ಸಂದಿಯಿಂದ ಇಣುಕಿದ ಮಕ್ಕಳಿಗೆ, ಇವರೇನೋ ಸದ್ದಿಲ್ಲದೆ ಜಗಳವಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಮೊನ್ನೆಯಿಂದ ಹುಡುಕಿದ್ದು ಅಲ್ಲಿ ಇರಲೇ ಇಲ್ಲ ಎಂಬುದು ಮೆಕ್ಯಾನಿಕ್‌ಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮೊದಲು ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಗೆಳೆಯನಿಗೆ ಮತ್ತೆ ಫೋನು ಮಾಡಿದ. "ತುಟಿ ಮೇಲೆ ಬಾಚಣಿಗೆ ಹಲ್ಲಿನ ಥರ ಗೀರು ಬರ್ತಿದೆ."

"ಆ ಕ್ಯಾಮೆರಾ ಒಂದೊಂದು ಚಿತ್ರಾನೂ ಎರಡು ಅರ್ಧ ಮಾಡಿ ಹೆಣೆದಿರುತ್ತೆ. ಅದನ್ನ ಬಿಡಿಸೋ ಆಯ್ಕೆ ಇದೆ, ಹಾಕು. ಸೆಕೆಂಡಿಗಿಷ್ಟು ಅಂತ ಬರೋ ಫ್ರೇಮ್ ಮಾತ್ರ ಕಡಿಮೆ ಮಾಡ್ಬೇಡ, ತುಟಿ ಎಗರೆಗರಿ ಕಾಣುತ್ತೆ."

ಹಸಿರು ಪಟ್ಟಿ ಮತ್ತೆ ತೆವಳತೊಡಗಿತು. ಅವನು ಹಾಲ್‌ನ ಉದ್ದಗಲ ಹೆಜ್ಜೆಯಲ್ಲೇ ಅಳೆದ. ಅಮ್ಮ ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿಕೊಂಡು ಬಂದು ಕೂತಳು.

ಈ ಸಲ ಅಪ್ಪನ ತುಟಿ ನುಣ್ಣಗೆ ಅಲ್ಲಾಡಿತು. ಅಮ್ಮ ನಕ್ಕಳು. ಒಂದು ಕಡೆ ಇಲ್ಲವೆಂದು ತಲೆಯಾಡಿಸಿದಳು. ಇನ್ನೊಂದು ಕಡೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನಂದ್ರಮ್ಮ?"

"ಕ್ಯಾಮೆರಾ ಆನ್ ಆಗಿದೆಯೋ ಇಲ್ವೋ ಗೊತ್ತಾಗ್ತಿಲ್ಲ ಅಂದ್ರು."

"ಆಮೇಲೆ?"

"ಆಮೇಲಿಂದು ನಂಗೆ ಹೇಳಿದ್ದು."

ಅವನಿಗೆ ತಡೆಯಲಾಗಲಿಲ್ಲ. "ನನ್ನ ವಿಷ್ಯ ಏನಾದ್ರೂ...?"

ಅಮ್ಮ ಅವನ ಮುಖವನ್ನೇ ನೋಡಿದಳು. ಬೇಕಾದರೆ ಏನನ್ನಾದರೂ ಕಟ್ಟಿ ಹೇಳಬಹುದಿತ್ತು, ಹೇಳಲಿಲ್ಲ. "ನೀನು ಕೊಡಿಸಿದ್ದು ಚೆನ್ನಾಗಿದೆಯಂತೆ. ಗುಂಡಿ ಮಾತ್ರ ತೀರಾ ಸಣ್ಣವಂತೆ."

ಅಕ್ಕ ಕಿಸಕ್ಕನೆ ನಕ್ಕಳು. ಅವನೂ ನಗಲು ಹೋಗಿ, ರಿಮೋಟಿನತ್ತ ತಿರುಗಿದ.

"ಇನ್ನೊಂದ್ಸಲ ಹಾಕು," ಎಂದು ಅಮ್ಮ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡಳು. ಹಾಕಿದ. ಸ್ವಲ್ಪ ಹೊತ್ತಿಗೆ ಅವಳ ತುಟಿಗಳೂ ಅಲ್ಲಾಡತೊಡಗಿದವು, ಸದ್ದಿಲ್ಲದೆ. ಅವನು ಗೋಡೆಗೆ ಒರಗಿ ನಿಂತ. ಅಲ್ಲಿಂದ ಅಪ್ಪ ಕಾಣುತ್ತಿರಲಿಲ್ಲ. ಅಮ್ಮನ ತಲೆ, ಅದರ ಸುತ್ತ ಬಿಡಿಗೂದಲುಗಳ ನಡುವೆ ಹಾದುಬರುವ ಟಿವಿಯ ಬೆಳಕು, ಅಷ್ಟೇ.